ಹಾಜರಿ ಇದೆ, ಜೊತೆ ಇಲ್ಲ

ಕಳೆದ ವರ್ಷ ಜುಲೈ ತಿಂಗಳಲ್ಲಿ ನಾವು ಕೆಲವು ಪಿಂಚಣಿದಾರ ಗೆಳೆಯರು ನೋಟ್ ಪುಸ್ತಕ ಹಂಚಲೆಂದು ಹೊನ್ನಾಳಿ ಕಡೆಯ ಒಂದು ಪ್ರೌಢಶಾಲೆಗೆ ಹೋಗಿದ್ದೆವು. ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು. ಒಂಬತ್ತನೆಯ ತರಗತಿಯ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬ ಉಳಿದೆಲ್ಲರಿಗಿಂತ ಹೆಚ್ಚು ಬಾಯಿ ತೆರೆದು ನಾಡಗೀತೆ ಹಾಡುತ್ತಿದ್ದ. ಅವನ ಶ್ರದ್ಧೆಯನ್ನು ಮೆಚ್ಚಿಕೊಂಡು ನಾನು ಮುಖ್ಯೋಪಾಧ್ಯಾಯರತ್ತ ತಿರುಗಿದಾಗ ಅವರು, 'ಅವನಿಗೆ ಕಿವಿ ಕೇಳಿಸುವುದಿಲ್ಲ ಸಾರ್, ಮಾತೂ ಇಲ್ಲ' ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಕೇಳಿಸದವನ ವಿಷಯ ಹೇಳುವಾಗ ದನಿ ತಗ್ಗಿಸುವ ಅಗತ್ಯವೇನೆಂದು ಆಮೇಲೆ ನನಗೆ ಅನ್ನಿಸಿತು. ಹಾಡು ಮುಗಿದ ಮೇಲೂ ಅವನ ತುಟಿಗಳು ಒಂದು ಕ್ಷಣ ಆಡುತ್ತಲೇ ಇದ್ದವು. ಪಕ್ಕದವನ ಬಾಯಿ ಮುಚ್ಚಿರುವುದನ್ನು ಓರೆಗಣ್ಣಿನಿಂದ ಕಂಡು ತಾನೂ ಮುಚ್ಚಿಕೊಂಡ.

ಪುಸ್ತಕ ಹಂಚಿದ ಮೇಲೆ ಅವನನ್ನು ಬಳಿಗೆ ಕರೆದು, ಒಂದು ಹಾಳೆಯ ಮೇಲೆ 'ಹಾಡು ನಿನಗೆ ಗೊತ್ತೇ?' ಎಂದು ಬರೆದುಕೊಟ್ಟೆ. ಅವನು ಪೆನ್ನು ಇಸಿದುಕೊಂಡು ಕೆಳಗೆ ಬರೆದ: 'ಎಲ್ಲರು ಬಾಯಿ. ನಾನು ಬಾಯಿ.' ವಿಭಕ್ತಿ ಇಲ್ಲ, ಕ್ರಿಯಾಪದ ಇಲ್ಲ. ಆದರೆ ಆ ಶಾಲೆಯಲ್ಲಿ ಅವನ ಸ್ಥಿತಿ ಏನೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಬರೆಯಲಾರೆ. ಹಾಜರಿ ಪುಸ್ತಕವನ್ನೂ ತರಿಸಿ ನೋಡಿದೆ, ಹಳೆಯ ಚಾಳಿ. ಜೂನ್ ತಿಂಗಳಿನಿಂದ ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವ ಪ್ರಶ್ನೆ, 'ಯಾರ ಪೈಕಿ?' ಎಂಬುದು. ಅದರಲ್ಲಿ ಜಾತಿಯ ವಾಸನೆ ಇದೆಯೆಂದು ಆಕ್ಷೇಪಿಸುವವರಿದ್ದಾರೆ, ಆಕ್ಷೇಪ ಸುಳ್ಳೂ ಅಲ್ಲ. ಆದರೂ ಮನುಷ್ಯನಿಗೆ ತಾನು ಯಾರದೋ ಪೈಕಿ ಎಂಬ ಭರವಸೆ ಅನ್ನದಷ್ಟೇ ಅಗತ್ಯ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಂತೂ ಅಪ್ಪ ಅಮ್ಮಂದಿರ ಪೈಕಿ ಎಂಬುದು ಸಾಲದು, ಗೆಳೆಯರ ಪೈಕಿ ಆಗಬೇಕು. ಆ ಹುಡುಗ ಯಾರ ಪೈಕಿ? ನಾನೂರು ಮಕ್ಕಳ ಆ ಶಾಲೆಯಲ್ಲಿ ಅವನಂಥವನು ಅವನೊಬ್ಬನೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳು ಇಂದು ಒಂದೇ ದಾವಣಗೆರೆ ಜಿಲ್ಲೆಯಲ್ಲಿದ್ದರೂ ಅವುಗಳ ಹುಟ್ಟು ಬೇರೆ ಬೇರೆ. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಹೊಸ ಜಿಲ್ಲೆ ರಚನೆಯಾಯಿತು. ಅವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು; ನ್ಯಾಮತಿ ಇತ್ತೀಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಸೂಳೆಕೆರೆಯ ನೀರುಂಡು ಅಡಿಕೆ ಬೆಳೆಯುವ ಚನ್ನಗಿರಿಗೂ, ಮಳೆಗಾಗಿ ಮುಗಿಲು ನೋಡುವ ಜಗಳೂರಿಗೂ ಸಾಮ್ಯವೇ ಇಲ್ಲ. ಆದರೆ ಕಿವಿ ಕೇಳಿಸದ ಮಕ್ಕಳ ಮಟ್ಟಿಗೆ ನಾಲ್ಕೂ ಒಂದೇ. ಈ ಶಾಲೆಯಲ್ಲೊಬ್ಬ, ಹತ್ತು ಮೈಲಿಯಾಚೆ ಇನ್ನೊಬ್ಬಳು. ತಾಲ್ಲೂಕಿನ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ದ್ವಿಚಕ್ರ ವಾಹನದಲ್ಲಿ ಊರೂರು ಸುತ್ತುತ್ತಾರೆ. ಬುದ್ಧಿಮಾಂದ್ಯ ಮಗು, ದೃಷ್ಟಿ ಇಲ್ಲದ ಮಗು, ಹಾಸಿಗೆ ಹಿಡಿದ ಮಗು, ಕಿವಿ ಕೇಳಿಸದ ಮಗು ಎಲ್ಲರೂ ಅವರ ಪಾಲಿಗೇ. ಅವರನ್ನು ದೂರುವುದು ಅನ್ಯಾಯ. ಅಂಥವರೊಬ್ಬರು ನನಗೆ ಹೇಳಿದರು: 'ಒಂದು ಶಾಲೆಗೆ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ನಾನು ಹೋದ ದಿನ ಮಗು ಬಿಡದೆ ಮಾತಾಡುತ್ತದೆ ಸಾರ್. ಕೈ ಸೋತರೂ ನಿಲ್ಲಿಸುವುದಿಲ್ಲ.'

ತಿಂಗಳ ಉಳಿದ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಓದುಗರು ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ 'ಅಪ್ಪ' ಎನ್ನಲಿ. ಬಳಿಕ 'ಅಮ್ಮ' ಎನ್ನಲಿ. ತುಟಿಗಳ ಚಲನೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಕ ಮತ್ತು ಗ ಗಂಟಲ ಬಳಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಮೇಷ್ಟ್ರು ಹಲಗೆಯ ಕಡೆ ತಿರುಗಿದರೆ ಎಲ್ಲವೂ ನಿಂತುಹೋಗುತ್ತದೆ. ಅವರ ಬೆನ್ನ ಹಿಂದೆ ಕಿಟಕಿಯಿದ್ದರೆ ಮುಖವೇ ಕಪ್ಪು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಸುತ್ತಲಿನ ತಾಂಡಾಗಳ ಮನೆಗಳಲ್ಲಿ ಮಾತು ಲಂಬಾಣಿ, ಶಾಲೆಯಲ್ಲಿ ಕನ್ನಡ. ಅಲ್ಲಿನ ಕಿವಿ ಕೇಳಿಸದ ಮಗು ಅವ್ವನ ತುಟಿಯಲ್ಲಿ ಒಂದು ಭಾಷೆಯನ್ನೂ ಮೇಷ್ಟರ ತುಟಿಯಲ್ಲಿ ಇನ್ನೊಂದನ್ನೂ ಊಹಿಸಬೇಕು, ಅದೂ ಎರಡನ್ನೂ ಒಮ್ಮೆಯೂ ಕೇಳದೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಬಿಡಿ ಎಂದು ನಾವೆಲ್ಲ ಎಷ್ಟು ಸುಲಭವಾಗಿ ಹೇಳುತ್ತೇವೆ!

ಈ ಹಗುರವಾದ ಮಾತನ್ನು ನಾನೂ ಆಡಿದವನೇ. ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಒಂದು ತಾಲ್ಲೂಕಿನಲ್ಲಿ, ಯಾವುದೆಂದು ಹೇಳುವ ಅಗತ್ಯವಿಲ್ಲ, ಶ್ರವಣ ಸಾಧನಗಳನ್ನು ವಿತರಿಸುವ ಶಿಬಿರ ನಡೆಸಿದ್ದೆ. ಆಗಿನವು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಿವಿಗೆ ತಂತಿ ಎಳೆದುಕೊಳ್ಳುವ ಪೆಟ್ಟಿಗೆಗಳು. ಶಾಮಿಯಾನ, ಹಾರ, ಗಣ್ಯರ ಭಾಷಣ ಎಲ್ಲವೂ ಆದವು. ನಲವತ್ತಕ್ಕೂ ಹೆಚ್ಚು ಮಕ್ಕಳ ಕಿವಿಗೆ ಅವನ್ನು ತೊಡಿಸಿ, ಗುರಿಗಿಂತ ಅಧಿಕ ಸಾಧನೆ ಎಂದು ವರದಿ ಕಳುಹಿಸಿದೆ. ಎರಡು ವರ್ಷಗಳ ನಂತರ ಬರ ಪರಿಹಾರದ ಸಮೀಕ್ಷೆಗೆ ಹೋದಾಗ ಒಂದು ಮನೆಯ ದೇವರ ಗೂಡಿನಲ್ಲಿ ಅಂಥದೊಂದು ಪೆಟ್ಟಿಗೆ ಕಂಡಿತು. ಅದಕ್ಕೆ ಕುಂಕುಮವನ್ನೂ ಇಟ್ಟಿದ್ದರು. ಮನೆಯ ಯಜಮಾನ ಹೆಮ್ಮೆಯಿಂದ, 'ಸರಕಾರ ಕೊಟ್ಟಿದ್ದು ಸಾಹೇಬ್ರೆ, ಹಾಳಾಗಬಾರದು ಅಂತ ಜ್ವಾಪಾನ ಮಾಡೀವಿ' ಎಂದ. ಬ್ಯಾಟರಿ ಮುಗಿದು ಎಷ್ಟು ಕಾಲವಾಗಿತ್ತೋ. ಸಾಧನ ಹಾಕಿಕೊಂಡಿದ್ದ ಕೆಲವೇ ದಿನಗಳಲ್ಲಿ ಹುಡುಗಿ ತಲೆನೋವೆಂದು ಅತ್ತಿದ್ದಳಂತೆ. ಶಬ್ದವನ್ನು ದೊಡ್ಡದು ಮಾಡುವ ಯಂತ್ರ ಮೇಷ್ಟರ ಮಾತನ್ನೂ ಬೆಂಚು ಎಳೆಯುವ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತದೆ. ಶಬ್ದವು ಮಾತಾಗಬೇಕಾದರೆ ಎಳವೆಯಿಂದಲೇ ತರಬೇತಿ ಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೇ ಇದೆ. ಅಲ್ಲಿಗೆ ಒಂದು ಪತ್ರ ಬರೆಯಲು ನನಗೆ ತೋಚಲಿಲ್ಲ.

ಇಂದಿನ ಸಾಧನಗಳು ಬಹಳ ಸುಧಾರಿಸಿವೆ. ಹುಟ್ಟಿದ ಕೂಡಲೇ ಪತ್ತೆ ಹಚ್ಚಿ, ಐದು ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿ, ತರಬೇತಿಯನ್ನೂ ಕೊಡಿಸಿದರೆ ಎಷ್ಟೋ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ. ಅದು ಆಗಲೇಬೇಕು. ಆದರೆ ನಾನು ಹೇಳುತ್ತಿರುವುದು ಆ ಬಾಗಿಲು ಮುಚ್ಚಿಹೋದ ಮೇಲೆ ಪ್ರೌಢಶಾಲೆಗೆ ಬಂದಿರುವ ಮಕ್ಕಳ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್‌ನಷ್ಟು ಶ್ರವಣನಷ್ಟವಿದ್ದರೆ ಕಿವುಡು. ನಾವು ನೀವು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್. ಲೆಕ್ಕ ಸ್ಪಷ್ಟವಾಗಿದೆ.

ನನ್ನ ಸೋದರತ್ತೆಯ ಮಗನೊಬ್ಬನಿದ್ದ. ಚನ್ನಗಿರಿ ತಾಲ್ಲೂಕಿನ ಹಳ್ಳಿ. ಅತ್ತೆಯನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಡೆ ಅಂದು ಅದು ಸಾಮಾನ್ಯ, ಇಂದಿಗೂ ಪೂರಾ ನಿಂತಿಲ್ಲ. ಹುಟ್ಟು ಕಿವುಡುತನಕ್ಕೆ ರಕ್ತಸಂಬಂಧದ ಮದುವೆ ಒಂದು ಕಾರಣವಾಗಬಲ್ಲದು ಎಂಬುದನ್ನು ವೈದ್ಯರು ಎಷ್ಟು ಹೇಳಿದರೂ ಆಸ್ತಿ ಒಡೆಯಬಾರದೆಂಬ ಲೆಕ್ಕಾಚಾರವೇ ಗೆಲ್ಲುತ್ತದೆ. ಅವನು ನನಗಿಂತ ಆರು ವರ್ಷ ದೊಡ್ಡವನು, ಅಡಿಕೆ ಕೊನೆ ಕೊಯ್ಯುವುದರಲ್ಲಿ ಊರಿಗೇ ಮೊದಲಿಗ. ಮನೆಯವರೊಡನೆ ಇಪ್ಪತ್ತು ಮೂವತ್ತು ಸನ್ನೆಗಳಲ್ಲಿ ವ್ಯವಹರಿಸುತ್ತಿದ್ದ: ಊಟ, ತೋಟ, ದನ, ದುಡ್ಡು, ಬಾ, ಹೋಗು. ಅವನಿಗೆ ಬೇಸರವಾಗಿದ್ದರೆ ಹೇಳಿಕೊಳ್ಳಲು ಸನ್ನೆ ಇರಲಿಲ್ಲ. ಇದ್ದಿದ್ದರೂ ಕೇಳುವವರಿರಲಿಲ್ಲ ಎನ್ನಬೇಕು. ಊರೆಲ್ಲ ಅವನನ್ನು 'ಮೂಗಣ್ಣ' ಎನ್ನುತ್ತಿತ್ತು, ನಾನೂ ಹಾಗೆಯೇ ಅನ್ನುತ್ತಿದ್ದೆ. ಅವನಿಗೊಂದು ಹೆಸರಿದೆಯೆಂದು ನನಗೆ ತಿಳಿದದ್ದು ಅತ್ತೆ ತೀರಿಕೊಂಡು ಖಾತೆ ಬದಲಾವಣೆಗೆ ವಂಶವೃಕ್ಷ ಬರೆಸುವಾಗ. ಆಗ ಅವನಿಗೆ ನಲವತ್ತು ದಾಟಿತ್ತು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕಂದಾಯ ಕಾಯಿದೆಯ ಕಲಮುಗಳನ್ನು ಬಾಯಿಪಾಠ ಮಾಡಿದ್ದ ನಾನು ನನ್ನ ಅತ್ತೆಯ ಮಗನ ಹೆಸರನ್ನು ಸರ್ಕಾರಿ ಕಾಗದದಿಂದ ತಿಳಿದುಕೊಂಡೆ.

ಕಿವುಡರ ಸಮುದಾಯಗಳಲ್ಲಿ ಒಂದು ರೂಢಿಯಿದೆ. ಅವರು ಒಬ್ಬೊಬ್ಬರಿಗೂ ಒಂದೊಂದು ಸಂಜ್ಞಾನಾಮ ಕೊಡುತ್ತಾರೆ. ಕೆನ್ನೆಯ ಗುಳಿ, ಹಣೆಯ ಗಾಯ, ನಡಿಗೆಯ ರೀತಿ ಹೀಗೆ ಯಾವುದಾದರೊಂದು ಗುರುತಿನಿಂದ ಹುಟ್ಟುವ ಹೆಸರು ಅದು. ತನಗೆ ತಾನೇ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಸಲ್ಲದು, ಗುಂಪೇ ಕೊಡಬೇಕು. ಒಂಟಿಯಾಗಿ ಶಾಲೆಯಲ್ಲಿರುವ ಮಗುವಿಗೆ ಅದನ್ನು ಕೊಡುವವರು ಯಾರು?

ಸನ್ನೆಯೆಂದರೆ ಮಾತು ಬಾರದವರ ಕೈಸನ್ನೆ, ಅದಕ್ಕೆ ವ್ಯಾಕರಣವಿಲ್ಲ ಎಂಬ ಭಾವನೆ ವಿದ್ಯಾವಂತರಲ್ಲೂ ಇದೆ. ಇದಕ್ಕೆ ಚರಿತ್ರೆಯೂ ಇದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಕಿವುಡು ಮಕ್ಕಳ ಶಾಲೆಗಳಲ್ಲಿ ಸಂಜ್ಞೆಯನ್ನು ಕೈಬಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳಿಸುವವರೇ. ಆ ನಿರ್ಣಯಕ್ಕೆ ಅದೇ ಸರಣಿಯ ಸಮ್ಮೇಳನ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನೂರಮೂವತ್ತು ವರ್ಷ! ಅಷ್ಟರೊಳಗೆ ಮುಂಬೈ, ಕಲ್ಕತ್ತಗಳಿಂದ ಆರಂಭಿಸಿ ನಮ್ಮ ದೇಶದಲ್ಲಿ ಹುಟ್ಟಿದ ಶಾಲೆಗಳಲ್ಲಿಯೂ ಮಕ್ಕಳ ಕೈ ಕಟ್ಟಿ ಕೂರಿಸುವ ಪದ್ಧತಿ ಬೇರೂರಿತ್ತು. ಆದರೂ ಸಂಜ್ಞೆ ಸಾಯಲಿಲ್ಲ. ಪಾಠದ ಕೋಣೆಯಲ್ಲಿ ಅಡಗಿ ಹಾಸ್ಟೆಲ್ಲಿನ ಅಂಗಳದಲ್ಲಿ ಬದುಕಿಕೊಂಡಿತು.

ಮಕ್ಕಳು ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಿಕರಾಗುವಾ ದೇಶದ ಉದಾಹರಣೆಯನ್ನು ಭಾಷಾವಿಜ್ಞಾನಿಗಳು ಮತ್ತೆ ಮತ್ತೆ ಹೇಳುತ್ತಾರೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ರಾಜಧಾನಿ ಮನಾಗ್ವಾದಲ್ಲಿ ಶಾಲೆಯೊಂದು ತೆರೆದು, ಮನೆಗಳಲ್ಲಿ ಒಂಟಿಯಾಗಿದ್ದ ಕಿವುಡು ಮಕ್ಕಳು ಮೊದಲ ಬಾರಿಗೆ ಜೊತೆಯಾದರು. ಶಿಕ್ಷಕರು ಕಲಿಸಲು ಹೊರಟಿದ್ದು ಸ್ಪ್ಯಾನಿಷ್. ಮಕ್ಕಳು ಕಟ್ಟಿಕೊಂಡದ್ದು ತಮ್ಮದೇ ಸಂಜ್ಞಾಭಾಷೆ, ವ್ಯಾಕರಣಸಮೇತ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು. ಅಲ್ಲಿನವರು ತಮ್ಮದೇ ಸಂಜ್ಞಾಭಾಷೆ ಬೆಳೆಸಿಕೊಂಡಿದ್ದಾರೆ. ಸಂಶೋಧಕ ಸಿಬಾಜಿ ಪಂಡಾ ಅದನ್ನು ದಾಖಲಿಸಿ 2012ರಲ್ಲಿ ಪ್ರಕಟಿಸಿದರು. ಕಿವುಡರಷ್ಟೇ ಅಲ್ಲ, ಕೇಳುವವರೂ ಅಲ್ಲಿ ಅದನ್ನು ಬಳಸುತ್ತಾರೆ ಎಂಬುದೇ ಗಮನಿಸಬೇಕಾದ ಸಂಗತಿ.

ಇದರಲ್ಲಿ ಅರ್ಥಶಾಸ್ತ್ರದ ಒಂದು ಸರಳ ತತ್ವವಿದೆ. ಊರಿನಲ್ಲಿ ಒಬ್ಬನ ಮನೆಯಲ್ಲಿ ಮಾತ್ರ ದೂರವಾಣಿ ಇದ್ದರೆ ಅದು ಬರಿಯ ಡಬ್ಬಿ. ಹತ್ತು ಮನೆಗಳಿಗೆ ಬಂದಾಗ ಮೊದಲಿನವನ ಡಬ್ಬಿಗೂ ಬೆಲೆ ಬರುತ್ತದೆ. ಭಾಷೆಯೂ ಅಂಥದೇ ಸರಕು. ಹತ್ತು ಶಾಲೆಗಳಲ್ಲಿ ಹತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರತಿಯೊಬ್ಬರಿಗೂ ತಿಂಗಳಿಗೊಂದು ದಿನ ಶಿಕ್ಷಕರನ್ನು ಕಳುಹಿಸಿದರೆ ಖರ್ಚು ಅಷ್ಟೇ ಆಗುತ್ತದೆ, ಭಾಷೆ ಮಾತ್ರ ಹುಟ್ಟುವುದಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10ಕ್ಕೊಬ್ಬ, ಪ್ರೌಢ ಹಂತದಲ್ಲಿ 15ಕ್ಕೊಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತ 2021ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಬಂದಿದೆ. ಸ್ವಾಗತಾರ್ಹವೇ. ಆದರೆ ಆ ಹದಿನೈದು ಮಕ್ಕಳು ಹದಿನೈದು ಊರುಗಳಲ್ಲಿದ್ದರೆ ಆ ಅನುಪಾತ ಕಾಗದದ ಮೇಲಿನ ಭಾಗಾಕಾರ.

ಕಾನೂನು ಇದಕ್ಕೆ ಅಡ್ಡಿಯಲ್ಲ. 2016ರ ಕಾಯಿದೆಯು 6ರಿಂದ 18ರವರೆಗಿನ, ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ತನ್ನ ಆಯ್ಕೆಯಂತೆ ಉಚಿತ ಶಿಕ್ಷಣ ಪಡೆಯುವ ಹಕ್ಕು ಕೊಟ್ಟಿದೆ. ಕಿವುಡು ಮಕ್ಕಳಿಗೆ ಅವರಿಗೆ ಅತ್ಯಂತ ಸೂಕ್ತವಾದ ಭಾಷೆಯಲ್ಲಿ ಕಲಿಸಬೇಕೆಂದೂ, ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು, ಅವರಲ್ಲಿ ವಿಕಲಚೇತನರನ್ನೂ ಸೇರಿಸಿ, ನೇಮಿಸಬೇಕೆಂದೂ ಹೇಳಿದೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ತಂದು, 2021ರ ಹೊತ್ತಿಗೆ ಅದನ್ನು 10,000 ಪದಗಳಿಗೆ ವಿಸ್ತರಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಈ ಭಾಷೆಯಲ್ಲಿ ಪಠ್ಯಸಾಮಗ್ರಿ ಸಿದ್ಧಪಡಿಸುವ ಮಾತಿದೆ. ನಾವು ಶಾಲೆಯಲ್ಲಿ ಈವರೆಗೆ ಧಾರಾಳವಾಗಿ ಕೊಟ್ಟಿರುವುದು ಭಾಷಾ ಪತ್ರಿಕೆಗಳಿಂದ ವಿನಾಯಿತಿಯನ್ನು. ಭಾಷೆ ಬೇಕೆಂದು ಹಸಿದವನಿಗೆ ಭಾಷೆ ಬೇಡವೆಂಬ ಆದೇಶ!

ಹಾಗಾದರೆ ಎಲ್ಲರನ್ನೂ ದೂರದ ವಸತಿ ಶಾಲೆಗೆ ಕಳುಹಿಸೋಣವೇ? ಇದಕ್ಕೆ ನನ್ನ ಬಳಿ ನೇರ ಉತ್ತರವಿಲ್ಲ. ಜಗಳೂರು ಕಡೆಯ ಒಬ್ಬ ಹುಡುಗಿ ಹೊರ ಜಿಲ್ಲೆಯ ವಿಶೇಷ ವಸತಿ ಶಾಲೆಯಲ್ಲಿ ಓದುತ್ತಿದ್ದಾಳೆ. ಅಲ್ಲಿ ಅವಳು ಗುಂಪಿನ ನಾಯಕಿ, ಸಂಜ್ಞೆಯಲ್ಲಿ ನಗೆಚಾಟಿಕೆ ಹೇಳಿ ಎಲ್ಲರನ್ನೂ ನಗಿಸುವವಳು. ದಸರಾ ರಜೆಗೆ ಊರಿಗೆ ಬಂದರೆ ಮನೆಯಲ್ಲಿ ಯಾರಿಗೂ ಅವಳ ಭಾಷೆ ಬಾರದು. ಅವಳ ತಾಯಿ ನನ್ನೆದುರು ಕಣ್ಣೊರೆಸಿಕೊಂಡು, 'ಮೊದಲು ನನ್ನ ಮಗಳಾಗಿದ್ದಳು, ಈಗ ಸಾಲಿಯೋರ ಮಗಳಾಗ್ಯಾಳೆ' ಎಂದರು. ಕಿವುಡು ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ಒಂದೆಡೆ ಸೇರಿದವರಾದರೆ ಇನ್ನೊಂದೆಡೆ ಹೊರಗಿನವರಾಗುವ ಈ ಸಂಕಟವನ್ನು ಯಾವ ಸುತ್ತೋಲೆಯೂ ಬಗೆಹರಿಸದು.

ಇವೆರಡರ ನಡುವೆ ಒಂದು ದಾರಿಯಿದೆಯೆಂದು ನನಗೆ ತೋರುತ್ತದೆ. ಪ್ರತಿ ತಾಲ್ಲೂಕಿನಲ್ಲಿ ಬಸ್ ಸೌಕರ್ಯವಿರುವ ಒಂದು ಸರ್ಕಾರಿ ಪ್ರೌಢಶಾಲೆಯನ್ನು ಆರಿಸಿ, ಪೋಷಕರು ಒಪ್ಪಿದರೆ ತಾಲ್ಲೂಕಿನ ಕಿವುಡು ಮಕ್ಕಳೆಲ್ಲರನ್ನೂ ಅಲ್ಲಿಗೇ ಸೇರಿಸುವುದು. ಎಂಟರಿಂದ ಹತ್ತರವರೆಗೆ ಆರೋ ಎಂಟೋ ಮಕ್ಕಳಾದರೂ ಸಾಕು. ಊರೂರು ಅಲೆಯುವ ವಿಶೇಷ ಶಿಕ್ಷಕರಲ್ಲಿ ಒಬ್ಬರು ಅಲ್ಲಿಯೇ ನೆಲೆ ನಿಲ್ಲಲಿ. ಸಂಜ್ಞೆ ಕಲಿಸಲು ವಯಸ್ಕ ಕಿವುಡರೊಬ್ಬರನ್ನು ಗೌರವಧನದ ಮೇಲೆ ನೇಮಿಸಲಿ. ದಾವಣಗೆರೆಯಲ್ಲಿಯೇ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇರುವಾಗ ಮಾರ್ಗದರ್ಶನಕ್ಕೆ ದೂರ ಹೋಗಬೇಕಿಲ್ಲ. ಉಳಿದ ಮಕ್ಕಳಿಗೂ ವಾರಕ್ಕೊಂದು ಅವಧಿ ಸಂಜ್ಞೆಯ ಪಾಠವಿರಲಿ. ಮಕ್ಕಳು ಇದನ್ನು ನಮ್ಮ ಹತ್ತು ಪಟ್ಟು ವೇಗದಲ್ಲಿ ಕಲಿಯುತ್ತಾರೆ, ಪರೀಕ್ಷೆಯಲ್ಲಿ ಉತ್ತರ ದಾಟಿಸಲು ಬಳಸುತ್ತಾರೆಂಬ ಭಯವೊಂದನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಸಂಜೆ ಎಲ್ಲರೂ ತಮ್ಮ ಮನೆಗೇ ಹೋಗುತ್ತಾರೆ. ತಾಯಂದಿರಿಗೆ ತಿಂಗಳಿಗೆರಡು ಶನಿವಾರ ಅಲ್ಲಿಯೇ ತರಗತಿ. ಈ ಮಾತನ್ನು ಹಿರಿಯ ಅಧಿಕಾರಿಯೊಬ್ಬರ ಮುಂದಿಟ್ಟಾಗ ಅವರು, 'ಒಂದೆಡೆ ಸೇರಿಸಿದರೆ ಪ್ರತ್ಯೇಕಿಸಿದಂತೆ ಆಗುವುದಿಲ್ಲವೇ?' ಎಂದು ಕೇಳಿದರು. ಈಗ ಅವರು ಪ್ರತ್ಯೇಕವಾಗಿಯೇ ಇದ್ದಾರಲ್ಲ ಎಂದೆ. ಅವರು ಚಹ ತರಿಸಿದರು. ಆ ಕುರ್ಚಿಯಲ್ಲಿ ಕುಳಿತಿದ್ದಾಗ ನಾನೂ ಹಾಗೆಯೇ ಎಷ್ಟೋ ಜನರಿಗೆ ಚಹ ತರಿಸಿದ್ದೇನೆ.

ನವೆಂಬರಿನಲ್ಲಿ ತಾಲ್ಲೂಕು ಕೇಂದ್ರದಲ್ಲಿ ವಿಶೇಷ ಮಕ್ಕಳ ವೈದ್ಯಕೀಯ ತಪಾಸಣಾ ಶಿಬಿರವಿತ್ತು. ಆ ಶಿಕ್ಷಕರು ಕರೆದರೆಂದು ನಾನೂ ಹೋದೆ. ಪ್ರಾರ್ಥನೆಯ ಹುಡುಗ ಅಲ್ಲಿದ್ದ, ಬೇರೆ ಬೇರೆ ಶಾಲೆಗಳಿಂದ ಬಂದ ಇನ್ನೂ ನಾಲ್ವರು ಇದ್ದರು. ಮೊದಲ ಅರ್ಧ ಗಂಟೆ ಗೋಡೆಗೊರಗಿ ಪರಸ್ಪರ ನೋಡುತ್ತಿದ್ದವರು, ಮಧ್ಯಾಹ್ನದ ಊಟದ ಹೊತ್ತಿಗೆ ವರಾಂಡದ ಮೂಲೆಯಲ್ಲಿ ಒಂದು ವರ್ತುಲವಾಗಿದ್ದರು. ಕೈಗಳು ಗಾಳಿಯಲ್ಲಿ ಹಾರುತ್ತಿದ್ದವು. ಒಬ್ಬನಿಗೆ ಬಾರದ ಸಂಜ್ಞೆಯನ್ನು ಇನ್ನೊಬ್ಬಳು ಎರಡು ಮೂರು ರೀತಿಯಲ್ಲಿ ತೋರಿಸುತ್ತಿದ್ದಳು. ನಾನು ಬಳಿಗೆ ಹೋದಾಗ ಹುಡುಗ ನನ್ನನ್ನು ಗುರುತಿಸಿ, ಉಳಿದವರಿಗೆ ಪರಿಚಯಿಸಲೆಂಬಂತೆ ತೋರುಬೆರಳಿನಿಂದ ಮೂಗಿನ ಮೇಲಿನ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿ ತೋರಿಸಿದ. ಎಲ್ಲರೂ ನಕ್ಕರು. ಜಾರುವ ಕನ್ನಡಕವನ್ನು ನಾನು ಹಾಗೆ ತಳ್ಳುತ್ತಿರುತ್ತೇನೆಂದು ನನಗೇ ತಿಳಿದಿರಲಿಲ್ಲ.

ನಾಲ್ಕು ಗಂಟೆಗೆ ಶಿಬಿರ ಮುಗಿಯಿತು. ನಾಲ್ಕೂವರೆಗೆ ಹುಡುಗನ ಊರಿನ ಬಸ್ಸು. ಅವನ ತಂದೆ ನಿಲ್ದಾಣದಿಂದ ಎರಡು ಸಲ ಬಂದು ತೋಳು ಹಿಡಿದು ಎಳೆದರು. ಹುಡುಗ ಪ್ರತಿ ಸಲವೂ ಒಂದು ಕೈಯೆತ್ತಿ ತಡೆ ಎಂದು ತೋರಿಸಿ, ಇನ್ನೊಂದು ಕೈಯಲ್ಲಿ ಮಾತು ಮುಂದುವರಿಸುತ್ತಿದ್ದ. ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸು ಆರೂಕಾಲಕ್ಕೆ ಎಂದು ತಂದೆ ಗೊಣಗಿಕೊಂಡು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತು, ಜೇಬಿನಿಂದ ಎಲೆಯಡಿಕೆ ತೆಗೆದು ನನಗೂ ಒಂದಿಷ್ಟು ಕೊಟ್ಟರು.